ಒಂದೇ ಲಾಗಿನ್, ನಾಲ್ಕು ಊರು

ಸರ್ವರ್ ನೋಡಿಕೊಳ್ಳುವವರಿಗೆ ಕಂಪ್ಯೂಟರಿನಿಂದ ಬರುವ ತಲೆನೋವು ಕಡಿಮೆ. ಅದರ ಮುಂದೆ ಕೂತವರಿಂದ ಮಾತ್ರ ದಿನಕ್ಕೊಂದು ಹೊಸದು ಬರುತ್ತಲೇ ಇರುತ್ತದೆ. ನಾನಿರುವುದು ಸಸಿ ಬೆಳೆಸಿ ಮಾರುವ ಒಂದು ನರ್ಸರಿಯಲ್ಲಿ. ಸರ್ವರ್ ಚಿಕ್ಕಬಳ್ಳಾಪುರದ ಆಫೀಸಿನಲ್ಲಿದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಖೆಯವರು ತಮ್ಮ ಊರಲ್ಲೇ ಕೂತು ಅದಕ್ಕೆ ಲಾಗಿನ್ ಆಗಿ ರೈತರ ಆರ್ಡರ್ ಹಾಕುತ್ತಾರೆ. ಇದನ್ನೆಲ್ಲ ಒಂದು ಹದಕ್ಕೆ ತಂದವಳು ನಾನೇ. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಬಾರದು ಅಂತಾರೆ. ನಾನು ತಟ್ಟಿಕೊಳ್ಳುತ್ತೇನೆ.

೧. ಹುಳು ತಿನ್ನದ ಸಸಿ

ನಾನು ಸೇರಿದಾಗ ನಾಲ್ಕೂ ಊರಿಗೆ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಒಬ್ಬರು ಒಳಗೆ ಬಂದರೆ ಮೊದಲಿದ್ದವರು ಆಚೆ. ಹೋದವರು ಅರ್ಧ ತುಂಬಿದ ಆರ್ಡರ್ ಬಂದವರ ಮುಂದೆ ಹಾಗೇ ತೆರೆದಿರುತ್ತಿತ್ತು. ಒಮ್ಮೆ ಶಿಡ್ಲಘಟ್ಟದ ಗುಮಾಸ್ತರು ರೈತನ ಹೆಸರು, ಊರು ಹಾಕಿ ಇನ್ನೇನು ಹಿಪ್ಪುನೇರಳೆ ಅಂತ ಬರೆಯಬೇಕು, ಚಿಂತಾಮಣಿಯವರು ನುಗ್ಗಿ ಅದೇ ಪರದೆಯಲ್ಲಿ ತಮ್ಮ ಟೊಮೆಟೊ ತುಂಬಿ ಸೇವ್ ಮಾಡಿದರು. ರೇಷ್ಮೆ ಸಾಕುವವನ ಮನೆ ಮುಂದೆ ಟೊಮೆಟೊ ಸಸಿ ತುಂಬಿದ ಟೆಂಪೊ ನಿಂತಿತು.

ಆತ ಆಫೀಸಿಗೆ ಫೋನ್ ಮಾಡಿದ. "ಸ್ವಾಮಿ, ನೀವೇ ಬಂದು ನಮ್ಮ ಹುಳಗಳಿಗೆ ಒಂದ್ ಮಾತು ಹೇಳಿ. ನಾನು ಹೇಳಿದ್ರೆ ತಿನ್ನಲ್ಲ."

೨. ಹಬ್ಬಕ್ಕೆ ಎತ್ತಿಟ್ಟದ್ದು

ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡೋಣ ಎಂದೆ. ನರ್ಸರಿಯ ಯಜಮಾನರಿಗೆ ಇಷ್ಟವಾಗಲಿಲ್ಲ.

"ಎಲ್ರೂ ಒಂದೇ ಮನೆಯವರು ಅಂತ ಹೇಳ್ಕೊಂಡ್ ಬಂದಿದೀನಿ ಕಣಮ್ಮ. ನೀನು ಪಾಲು ಮಾಡಕ್ಕೆ ಬಂದ್ಯಲ್ಲ!"

"ಒಲೆ ಒಂದೇ ಸರ್. ತಟ್ಟೆ ಬೇರೆ ಬೇರೆ, ಅಷ್ಟೇ."

"ಸರಿ, ಮಳೆ ಬಿದ್ದು ಜನ ಸಸಿಗೆ ಮುಗಿಬೀಳೋ ದಿನ ನೋಡಣ. ಅವತ್ತು ಒಂದು ಆಫೀಸ್ ನಿಂತ್ರೂ ಹಳೇದಕ್ಕೇ ವಾಪಸ್."

ಇಷ್ಟು ಹೋರಾಡಿ ಕೊಡಿಸಿದ ಲಾಗಿನ್ನನ್ನು ಗೌರಿಬಿದನೂರಿನ ಹಿರಿಯ ಗುಮಾಸ್ತೆ ಮುಟ್ಟಲೇ ಇಲ್ಲ. ಪಕ್ಕದವಳದ್ದರಲ್ಲೇ ಕೆಲಸ ನಡೆಸಿದ್ದರು. ಯಾಕೆಂದು ಕೇಳಿದರೆ, "ಹೊಸದಲ್ವಾ ಮೇಡಂ, ಹಾಳಾಗತ್ತೆ ಅಂತ ಎತ್ತಿಟ್ಟಿದೀನಿ. ಹಬ್ಬಕ್ಕೆ ತೆಗೀತೀನಿ" ಎಂದರು.

ಆಯುಧಪೂಜೆಯ ದಿನ ಮಾನಿಟರಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ಕೈಮುಗಿದು ಲಾಗಿನ್ ಆದರು. ಪಾಸ್‌ವರ್ಡಿನ ಅವಧಿ ಮುಗಿದಿದೆ ಎಂದಿತು ಸರ್ವರ್. ನಾನು ಫೋನಿನಲ್ಲೇ ಹೊಸದು ಮಾಡಿಕೊಟ್ಟೆ. ಆಯಮ್ಮ ಖುಷಿಯಾಗಿ ಕೇಳಿದರು: "ಇದನ್ನ ಸಂಕ್ರಾಂತಿಗೆ ಇಟ್ಕೊಳ್ಲಾ ಮೇಡಂ?"

೩. ಫ್ಯಾನಿನ ಕೆಲಸ

ಲಾಗಿನ್ ಆಗಿ ಸುಮ್ಮನೆ ತೆರೆದಿಟ್ಟ ಸೆಷನ್ನುಗಳಿಂದ ಸರ್ವರ್ ತೆವಳುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುವಂತೆ ಮಾಡಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಆಚೆ ಹಾಕುತ್ತೀರಿ ಎಂದು ಚಿಂತಾಮಣಿಯವರು ಗೊಣಗಿದರು. ಆಮೇಲೆ ಅವರ ಸೆಷನ್ ಮಾತ್ರ ಮುಚ್ಚುವುದೇ ನಿಂತುಹೋಯಿತು. ಊಟದ ಹೊತ್ತಿನಲ್ಲೂ ಮೌಸ್ ಓಡಾಡುತ್ತಿದೆ! ಬಸ್ ಹತ್ತಿ ಹೋಗಿ ನೋಡಿದೆ. ಕುರ್ಚಿ ಖಾಲಿ. ಅತ್ತಿಂದಿತ್ತ ತಿರುಗುವ ಟೇಬಲ್ ಫ್ಯಾನಿನ ಕತ್ತಿಗೆ ದಾರ, ದಾರದ ತುದಿಗೆ ಮೌಸ್.

ಕೈ ಒರೆಸಿಕೊಳ್ಳುತ್ತ ಬಂದವರು ನನ್ನನ್ನು ನೋಡಿ ಸ್ವಲ್ಪವೂ ಅಳುಕಲಿಲ್ಲ. "ನಾನಿಲ್ದಿದ್ರೂ ಕಂಪ್ನಿ ಕೆಲ್ಸ ನಿಲ್ಲಬಾರ್ದು ನೋಡಿ ಮೇಡಂ."

೪. ಮಳೆ ಬಿದ್ದ ದಿನ

ಆ ದಿನ ಬಂದೇ ಬಂತು. ಮೂರು ದಿನ ಹದವಾದ ಮಳೆ, ನಾಲ್ಕೂ ಊರಿನಲ್ಲಿ ಬಾಗಿಲಾಚೆವರೆಗೂ ರೈತರು. ಮೂರು ಊರು ಚೆನ್ನಾಗಿ ಓಡುತ್ತಿದ್ದಾಗ ಶಿಡ್ಲಘಟ್ಟದಿಂದ ಫೋನ್: "ಮೇಡಂ, ಪದೇ ಪದೇ ಆಚೆ ತಳ್ತಾ ಇದೆ. ಜನ ಬೈತಿದಾರೆ."

ನಾನು ಪಟ್ಟ ಕಷ್ಟವೆಲ್ಲ ನೀರುಪಾಲಾಯಿತು ಎಂದುಕೊಂಡೆ. ಫೋನ್ ಕಿವಿಯಲ್ಲೇ ಇಟ್ಟುಕೊಂಡು, ಇನ್ನೊಮ್ಮೆ ಲಾಗಿನ್ ಆಗಿ ಎಂದೆ.

"ಬಂದೆ ಮೇಡಂ" ಎಂದರು ಶಿಡ್ಲಘಟ್ಟದವರು.

"ಥೂ, ಹೋಯ್ತು!" ಎಂದರು ಪಕ್ಕದ ಕ್ಯಾಬಿನ್ನಿನಲ್ಲಿ ಯಜಮಾನರು. ಸ್ವಲ್ಪ ಹೊತ್ತಿಗೆ, "ಹಾಂ, ಬಂತು."

"ಅಯ್ಯೋ, ಆಚೆ ಹಾಕ್ತು ಮೇಡಂ!" ಎಂದಿತು ಫೋನ್.

ಓಡಿ ಕ್ಯಾಬಿನ್ನಿಗೆ ಹೋದೆ. ಯಜಮಾನರು ಬೆವರುತ್ತಿದ್ದರು. "ಎಲ್ಲಾ ಸರಿಯಾಗ್ ನಡೀತಿದೆಯಾ ನೋಡಣ ಅಂತ ಶಿಡ್ಲಘಟ್ಟದವನ ಪಾಸ್‌ವರ್ಡ್ ಇಸ್ಕೊಂಡೆ ಕಣಮ್ಮ. ಯಾವನೋ ನನ್ನನ್ನ ತಳ್ತಾನೇ ಇದಾನೆ!"

"ಅವ್ರೂ ಅದನ್ನೇ ಹೇಳ್ತಿದಾರೆ ಸರ್."

ಯಜಮಾನರಿಗೇ ಅಂತ ಬೇರೆ ಲಾಗಿನ್ ಮಾಡಿಕೊಟ್ಟೆ. ಶಿಡ್ಲಘಟ್ಟದ ಸಾಲು ಮುಂದೆ ಸರಿಯಿತು. ನಾಲ್ಕೂ ಊರಿನ ಆರ್ಡರುಗಳು ಒಂದಕ್ಕೊಂದು ತಾಗದೆ ಬಂದು ಬೀಳುವುದನ್ನು ಯಜಮಾನರು ಬೆರಗಾಗಿ ನೋಡಿದರು. "ಹಳೇದಕ್ಕೆ ಹೋಗೋದು ಬೇಡ. ಗೆದ್ದೆ ಕಣಮ್ಮ ನೀನು" ಎಂದರು. ನನ್ನ ಹೆಮ್ಮೆಗೆ ಆ ಆಫೀಸು ಸಾಲಲಿಲ್ಲ.

ಪಾಸ್‌ವರ್ಡ್ ಮಾತ್ರ ಗುಟ್ಟಾಗಿರಲಿ ಸರ್, ನನಗೂ ಹೇಳಬೇಡಿ ಎಂದು ಹೊರಗೆ ಬಂದೆ. ಹಿಂದಿನಿಂದಲೇ ಆಫೀಸು ನಡುಗುವ ದನಿ ಬಂತು: "ಮೊಮ್ಮಗಳ ಹೆಸರು ಇಟ್ಟಿದೀನಿ ಕಣಮ್ಮಾ! ಯಾರಿಗೂ ಹೇಳ್ಬೇಡ!"

ಸಾಲಿನಲ್ಲಿದ್ದ ರೈತರೊಬ್ಬರು ಕತ್ತು ಚಾಚಿ ಕೇಳಿದರು: "ದೊಡ್ಡ ಮೊಮ್ಮಗಳ್ದಾ ಯಜಮಾನ್ರೇ, ಚಿಕ್ಕವಳ್ದಾ?"

"ಚಿಕ್ಕವಳ್ದು!"