ಬಣ್ಣದ ಮನೆಯ ಫ್ಯಾನ್ ದಿಗ್ವಿಜಯ

ಸ್ವಸ್ತಿ! ಕಲಾರಸಿಕಜನಸಂಕುಲಶೋಭಿತವಾದ ತುಮಕೂರು ನಗರದಲ್ಲಿ, ಚೈತ್ರದ ಬಿಸಿಲು ನಾಟಕಮಂದಿರದ ತಗಡಿನ ಮಾಡನ್ನು ರೊಟ್ಟಿಯ ಹೆಂಚಿನಂತೆ ಕಾಯಿಸಿದ ಆ ಉರಿಗಾಲದಲ್ಲಿ, ಒಂದೇ ‘ರೈಟ್’ಗೆ ಬಸ್ಸನ್ನೂ ನಿಲ್ದಾಣವನ್ನೂ ನಡುಗಿಸುತ್ತಿದ್ದ ಮೇಘಗಂಭೀರನಾದನೂ, ಗಿರಿಜಾಮೀಸೆಯ ಧೀರನೂ, ಸಿದ್ದಗಂಗಮ್ಮನ ಪತಿಯೂ ಆದ ಕಂಡಕ್ಟರ್ ಗಂಗಹನುಮಯ್ಯನ ವೀರಗಾಥೆಯನ್ನು, ಎಲೈ ರಂಗದೇವತೆಯೇ, ತೊದಲದಂತೆ ನುಡಿಸು.

ಹವ್ಯಾಸಿ ನಾಟಕ ಸಂಘದಲ್ಲಿ ಈ ಮಹಾನುಭಾವ ಬಹುಕಾಲ ದ್ವಾರಪಾಲಕನಾಗಿ, “ಪ್ರಭುಗಳಿಗೆ ಜಯವಾಗಲಿ” ಎಂಬ ಒಂದೇ ಮಾತಿನಲ್ಲಿ ತನ್ನ ಪ್ರತಿಭೆಯನ್ನೆಲ್ಲ ತುರುಕುತ್ತ ಬಂದಿದ್ದ. ಇಂದು ಅವನೇ ಪ್ರಭು, ಚಂಡಪ್ರತಾಪ ಚಕ್ರವರ್ತಿ! ಅದಕ್ಕಿಂತ ದೊಡ್ಡ ಸಂಗತಿಯೆಂದರೆ, “ಬಸ್ನಾಗೆ ಅರಚೋದು ಸಾಲ್ದು ಅಂತ ಅಲ್ಲೂ ಅರಚ್ಬೇಕಾ?” ಎಂದು ಈವರೆಗೆ ಒಂದು ನಾಟಕಕ್ಕೂ ಕಾಲಿಡದಿದ್ದ ಸಿದ್ದಗಂಗಮ್ಮ, ಅಕ್ಕಂದಿರನ್ನು ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದಳು. ಅವಳ ಬಾಯಿಂದ ಒಂದು ಭೇಷ್ ಬಂದರೆ ಅವನ ಜನ್ಮ ಸಾರ್ಥಕ.

ಆದರೆ ಬಣ್ಣದ ಮನೆಯಲ್ಲಿ ಇದ್ದುದೊಂದೇ ಟೇಬಲ್ ಫ್ಯಾನು. ಕತ್ತು ತಿರುಗಿಸುವ ಗುಣವನ್ನು ಎಂದೋ ಕಳೆದುಕೊಂಡು, ಒಬ್ಬನನ್ನೇ ನೋಡುತ್ತ ನಿಲ್ಲುವ ಪತಿವ್ರತೆ ಅದು. ಈಗ ಶತ್ರುರಾಜನ ಪಾತ್ರಧಾರಿ ಟೈಲರ್ ಕೆಂಪರಂಗಯ್ಯನ ಗಡ್ಡದ ಅಂಟನ್ನು ಒಣಗಿಸುತ್ತಿತ್ತು. ಇತ್ತ ಚಕ್ರವರ್ತಿಯ ಹುಬ್ಬು ಬೆವರಿನಲ್ಲಿ ಕರಗಿ ಕೆನ್ನೆಗೆ ಇಳಿದಿತ್ತು.

ಬಣ್ಣ ಹಚ್ಚಿದ ಮೇಲೆ ಆ ಸಂಘದವರು ಕಾಫಿ ಕೇಳುವುದೂ ನಾಟಕದ ಭಾಷೆಯಲ್ಲೇ. ಗಂಗಹನುಮಯ್ಯ ಎದೆ ಸೆಟೆದು ನಿಂತ.

“ಎಲವೋ ಪರಪವನಾಪಹಾರೀ! ಛಪ್ಪನ್ನಾರು ದೇಶಗಳ ಅಧಿಪತಿಯಾದ ನಾನು ಬೆವರಿನ ಕಡಲಲ್ಲಿ ಮುಳುಗುತ್ತಿರುವಾಗ, ಗಾಳಿಯನ್ನೆಲ್ಲ ನಿನ್ನ ಮೇಕೆಗಡ್ಡಕ್ಕೆ ಧಾರೆಯೆರೆಯುವೆಯಾ? ತಿರುಗಿಸು! ಇಲ್ಲವಾದರೆ ನಿನ್ನ ವಂಶವನ್ನೇ ನಿರ್ನಾಮಗೊಳಿಸುವೆ!”

“ಎಲೈ ಮೂಢಚಕ್ರವರ್ತಿಯೇ! ಪ್ರಾಣವನ್ನಾದರೂ ಕೊಟ್ಟೇನು, ಫ್ಯಾನನ್ನು ಕೊಡೆನು!”

ಒಬ್ಬ ಅದರ ಕತ್ತು ಹಿಡಿದ, ಇನ್ನೊಬ್ಬ ಕಾಲು ಹಿಡಿದ. ಸಿಂಹಗಳು ನಾಚುವಂತೆ ಇಬ್ಬರೂ ಗರ್ಜಿಸಿದರು. ಎಳೆದಾಟ ಬಿರುಸಾದಂತೆ ನಾಟಕದ ಭಾಷೆ ಕಳಚಿತು.

“ಬಿಡೋ ಕೆಂಪ್ರಂಗ, ಹುಬ್ಬು ಬಾಯಿಗೇ ಬರ್ತಾ ಐತೆ!”

“ಬಿಡಾಕಿಲ್ಲ ಕಣಣ್ಣ! ಗಡ್ಡ ಬಿದ್ದೋದ್ರೆ ನನ್ ಮರ್ಯಾದೆ ಯಾರು ಕೊಡ್ತಾರೆ?”

ಆಗ ನಮ್ಮ ವೀರ ಹೊಕ್ಕುಳಿನಿಂದ ಉಸಿರೆತ್ತಿ ಬ್ರಹ್ಮಾಸ್ತ್ರದಂಥ ಒಂದು ಆರ್ಭಟ ಹೊಡೆದ. ಗೋಡೆಯ ಸುಣ್ಣ ಉದುರಿತು. ಕೆಂಪರಂಗಯ್ಯ ಬೆಚ್ಚಿ ಕೈಬಿಟ್ಟ. ಫ್ಯಾನು ಚಕ್ರವರ್ತಿಯ ಕಡೆ ತಿರುಗಿತು. ಜಯವೋ ಜಯ!

ಅಷ್ಟರಲ್ಲಿ ಸಭಾಂಗಣದಿಂದ ಶಿಳ್ಳೆ, ಚಪ್ಪಾಳೆ, “ಒನ್ಸ್ ಮೋರ್!” ಎಂಬ ಕೂಗು. ರಾಜಪಾತ್ರ ಮೊದಲ ಪದವನ್ನು ಬಣ್ಣದ ಮನೆಯ ಬಾಗಿಲಿನಿಂದಲೇ ಹಾಡಿಕೊಂಡು ರಂಗಕ್ಕೆ ಬರುವುದು ಅಲ್ಲಿನ ರೂಢಿ. ಅದಕ್ಕೆಂದೇ ಅಲ್ಲಿ ಒಂದು ಮೈಕು ನಿಲ್ಲಿಸಿದ್ದರು. ಹಾರ್ಮೋನಿಯಂ ಮೇಷ್ಟ್ರು ಓಡಿ ಬಂದರು.

“ಮೈಕು ಆಗ್ಲೇ ಆನ್ ಆಗೈತ್ರಪ್ಪ! ಜನ ಇದೂ ನಾಟಕಾನೇ ಅಂದ್ಕಂಡವ್ರೆ. ಹೊರಡು ಗಂಗಣ್ಣ, ನಿನ್ ಪದ!”

ಪರದೆ ಎದ್ದಿತು. ಚಕ್ರವರ್ತಿ ಬಾಯಿ ತೆರೆದ. ಗೋಡೆಯ ಸುಣ್ಣ ಉದುರಿಸಿದ ಆ ಕಂಠದಿಂದ ಹಳೇ ಸೈಕಲ್ಲಿನ ಬ್ರೇಕಿನಂಥ ಒಂದು ಕೀಚಲು ಬಂತು, ಆಮೇಲೆ ಅದೂ ನಿಂತಿತು. ಅವನ ಕಣ್ಣಲ್ಲಿ ನೀರಾಡಿತು. ಪಾಪ ಎನಿಸಿತೋ ಏನೋ, ಕೆಂಪರಂಗಯ್ಯನೇ ಹತ್ತಿರ ಬಂದು ಅವನ ಬಾಯಿಗೆ ಕಿವಿಯೊಡ್ಡಿ, “ನನ್ನ ತಲೆಯನ್ನು ಚೆಂಡಾಡುತ್ತಾನಂತೆ! ನನ್ನ ಕೋಟೆಯನ್ನು ಸುಡುತ್ತಾನಂತೆ!” ಎಂದು ವೈರಿಯ ಬೆದರಿಕೆಗಳನ್ನೆಲ್ಲ ಜನರಿಗೆ ಕೂಗಿ ಹೇಳಿ, ಕೊನೆಗೆ ತಾನಾಗಿಯೇ ಸತ್ತು ನಾಟಕ ಮುಗಿಸಿದ.

ಹೊರಗೆ ಸಿದ್ದಗಂಗಮ್ಮ ಗಂಡನಿಗಾಗಿ ಕಾದು ನಿಂತಿದ್ದಳು. ಅವಳ ಮುಖ ಅರಳಿತ್ತು.

“ಮೊದ್ಲು ಒಳಗೆ ಒಂದು ಫ್ಯಾನಿನ ಜಗಳ ಇಟ್ಟಿದ್ರಲ್ಲ, ಭೇಷ್ ಕಣ್ರೀ! ಅಕ್ಕಂದಿರೂ ಅದ್ನೇ ಹೇಳ್ತಾವ್ರೆ. ಆ ಗೊರಗೊರ ಮೈಕ್ನಾಗೆ ಫ್ಯಾನು, ಕೆಂಪ್ರಂಗ ಅನ್ನೋದು ಬಿಟ್ರೆ ಮಾತು ನೆಟ್ಟಗೆ ಕೇಳ್ಲಿಲ್ಲ, ದನಿ ಯಾರ್ದು ಅಂತಾನೂ ಗೊತ್ತಾಗ್ಲಿಲ್ಲ. ಕೆಂಪರಂಗಣ್ಣನ್ ಮೇಲೆ ಗರ್ಜಿಸಿದೋನು ಯಾರ್ರೀ? ಗಂಡಸು ಅಂದ್ರೆ ಅವನು!”

ಗಂಗಹನುಮಯ್ಯ ಎದೆ ಮುಟ್ಟಿಕೊಂಡು ‘ನಾನೇ’ ಎನ್ನಲು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

“ಅಯ್ಯೋ, ಹಸಿವಾ?” ಎಂದಳು ಅವಳು. “ಬನ್ನಿ, ಬೆಳಗಿನ ಮುದ್ದೆ ಐತೆ.”