ನಾಗರತ್ನ ಮಿಸ್ ರಾಜೀನಾಮೆ ಮತ್ತು ನನ್ನ ತೋರುಬೆರಳು

ಕೆಲವರಿಗೆ ಪದವಿ ಯೋಗ್ಯತೆಯಿಂದ ಬರುತ್ತದೆ, ಕೆಲವರಿಗೆ ವಶೀಲಿಯಿಂದ. ನನಗೆ ಬಂದದ್ದು ಚೌಚೌ ಬಾತಿನಿಂದ. ಬನಶಂಕರಿಯ ನಮ್ಮ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಬೇಸಿಗೆ ರಜೆ ಮುಗಿಯುವ ಮುಂಚಿನ ಸಭೆಯಲ್ಲಿ ತಿಂಡಿ ಕೊಟ್ಟಿದ್ದರು. ನಾನು ಖಾರಾಬಾತ್ ಮುಗಿಸುವ ಹಂತದಲ್ಲಿದ್ದೆ. ಮುಖ್ಯೋಪಾಧ್ಯಾಯಿನಿ ಸುಲೋಚನಾ ಮೇಡಂ ಕನ್ನಡಕ ಸರಿಮಾಡಿಕೊಂಡು, "ಈ ವರ್ಷದಿಂದ ಎಲ್ಲಾ ಕ್ಲಾಸಿಗೂ ಸ್ಮಾರ್ಟ್ ಬೋರ್ಡು, ಎಲ್ಲಾ ಟೀಚರ್‌ಗೂ ಟ್ಯಾಬು. ಇದನ್ನೆಲ್ಲ ಪ್ಲಾನ್ ಮಾಡಿ ನಡೆಸ್ಕೊಂಡ್ ಹೋಗೋಕೆ ಒಬ್ರು ಬೇಕು. ರಂಗಸ್ವಾಮಿ ಸಾರ್ ಆಗ್ಬಹುದಾ?" ಎಂದರು. ನನ್ನ ಬಾಯಿ ತುಂಬಿತ್ತು. ಬೇಡವೆಂದು ತಲೆಯಾಡಿಸಿದೆ. ನಮ್ಮ ಕಡೆಯವರು ತಲೆಯಾಡಿಸಿದರೆ ಹೌದೋ ಅಲ್ಲವೋ ಎಂದು ಹೆಂಡತಿಗೇ ಗೊತ್ತಾಗುವುದಿಲ್ಲ, ಇನ್ನು ಮುಖ್ಯೋಪಾಧ್ಯಾಯಿನಿಗೆ ಏನು ಗೊತ್ತಾಗಬೇಕು? ಚಪ್ಪಾಳೆ ಬಿತ್ತು. ಕೇಸರಿಬಾತ್ ತಿನ್ನುವ ಹೊತ್ತಿಗೆ ನಾನು ಶಾಲೆಯ ತಂತ್ರಜ್ಞಾನ ಸಂಚಾಲಕನಾಗಿದ್ದೆ.

ಸಭೆ ಮುಗಿದ ಮೇಲೆ ವಿಜ್ಞಾನದ ಬಸವರಾಜ್ ಬಂದು ಬೆನ್ನು ತಟ್ಟಿದರು. ಬಾಗಲಕೋಟೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾರೆ, ಮನಸ್ಸಿನಲ್ಲಿದ್ದದ್ದನ್ನು ಅಲ್ಲೇ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. "ಏನ್ರಿ ಸರ, ಈಜು ಬರದವ್ರನ್ನ ತಂದು ಹಡಗಿಗೆ ಕ್ಯಾಪ್ಟನ್ ಮಾಡ್ಯಾರಲ್ರೀ!" ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನಾನು ಟೈಪ್ ಮಾಡುವುದು ಬಲಗೈಯ ತೋರುಬೆರಳೊಂದರಲ್ಲಿ. ಉಳಿದ ಒಂಬತ್ತು ಬೆರಳು ಮದುವೆ ಮನೆಗೆ ಬಂದ ನೆಂಟರ ಹಾಗೆ ಸುಮ್ಮನೆ ನೋಡುತ್ತಿರುತ್ತವೆ. ಒಂದೊಂದು ಅಕ್ಷರವನ್ನೂ ಶುಕ್ರವಾರ ಬನಶಂಕರಿ ದೇವಸ್ಥಾನದ ಹೊರಗೆ ಚಪ್ಪಲಿ ಹುಡುಕಿದ ಹಾಗೆ ಹುಡುಕಬೇಕು. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ 'ರಂಗಸ್ವಾಮಿ ಟೈಪಿಂಗ್' ಎಂದು ಕಾಣಿಸಿಕೊಂಡರೆ ಮೊದಮೊದಲು ಎಲ್ಲರೂ ಏನೋ ದೊಡ್ಡ ವಿಷಯ ಬರುತ್ತಿದೆ ಎಂದು ಕಾಯುತ್ತಿದ್ದರು. ಕಾಲು ಗಂಟೆಯ ಮೇಲೆ 'ಆಗಲಿ' ಎಂದು ಬರುತ್ತಿತ್ತು.

ಈ ನಿಧಾನ ನನಗೆ ಹೊಸದಲ್ಲ. ನಾನು ಶಾಲೆಗೆ ಸೇರಿದ್ದೇ ಹತ್ತನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಹುಳಿಯಾರಿನಲ್ಲಿ ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಯಾವ ಡಬ್ಬ ಯಾರದೆಂದು ಗುರುತು ಹಾಕುತ್ತಿದ್ದೆ. ಅಕ್ಷರ ಬಾರದ್ದರಿಂದ ಗುರುತೆಂದರೆ ಸುಣ್ಣದ ಚುಕ್ಕೆ. ಆಮೇಲೆ ಯಾರೋ ಪುಣ್ಯಾತ್ಮರು ಒಂದನೇ ಕ್ಲಾಸಿಗೆ ಕೂರಿಸಿದರು. ಸುತ್ತಲೂ ಮೊಣಕಾಲೆತ್ತರದ ಮಕ್ಕಳು, ನಡುವೆ ನಾನು, ಪಾತ್ರೆ ಅಂಗಡಿಯಲ್ಲಿ ನಿಲ್ಲಿಸಿದ ಒನಕೆಯ ಹಾಗೆ. ಅವರೆಲ್ಲ ಬರೆದು ಅಳಿಸಿ ಮತ್ತೆ ಬರೆಯುವ ಹೊತ್ತಿಗೆ ನನ್ನದು ಅರ್ಧ 'ಆ' ಆಗಿರುತ್ತಿತ್ತು. ಯಾರಿಗೂ ಕಾಣದಿರಲೆಂದು ಸ್ಲೇಟನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದೆ. ಮೇಷ್ಟ್ರು ಅದನ್ನು ಕಿತ್ತುಕೊಳ್ಳುತ್ತಿರಲಿಲ್ಲ. "ನಿಧಾನಕ್ಕೆ ಬರಿಯೋ, ಸ್ಲೇಟೇನು ಓಡಿಹೋಗಲ್ಲ" ಎನ್ನುತ್ತಿದ್ದರು. ಆ ಒಂದು ಮಾತಿನ ಋಣದಲ್ಲಿ ನಾನು ಇವತ್ತಿಗೂ ಅನ್ನ ತಿನ್ನುತ್ತಿದ್ದೇನೆ.

ಜೂನ್‌ನಲ್ಲಿ ತರಬೇತಿ ಆಯಿತು. ಬೋರ್ಡು ಮಾರಿದ ಕಂಪನಿಯಿಂದ ಹುಳಿಮಾವಿನ ಒಬ್ಬ ತರುಣ ಬಂದಿದ್ದ. ಬಹಳ ಒಳ್ಳೆಯವನು, ಆದರೆ ರೈಲು. "ಸಿಂಪಲ್ ಮೇಡಂ, ಇಲ್ಲಿ ಟ್ಯಾಪ್, ಇಲ್ಲಿ ಸ್ವೈಪ್, ಅಷ್ಟೇ, ಸಖತ್ ಈಸಿ" ಎನ್ನುವಷ್ಟರಲ್ಲಿ ಮೂರು ನಿಲ್ದಾಣ ದಾಟಿರುತ್ತಿದ್ದ. ಎಲ್ಲರೂ ಅರ್ಥವಾದವರ ಹಾಗೆ ತಲೆಯಾಡಿಸುತ್ತಿದ್ದರು. ನಾನೂ ಆಡಿಸಿದೆ. ಆಗ ಕೊನೆಯ ಬೆಂಚಿನಲ್ಲಿ ಗಣಿತದ ನಾಗರತ್ನ ಮಿಸ್ ಕಣ್ಣಿಗೆ ಬಿದ್ದರು. ಜಯನಗರದ ಹಳೆಯ ಮನೆತನದವರು. ಅವರ ಹತ್ತಿರ ಲೆಕ್ಕ ಕಲಿತವರ ಮಕ್ಕಳು ಈಗ ಅವರ ಹತ್ತಿರವೇ ಲೆಕ್ಕ ಕಲಿಯುತ್ತಿದ್ದಾರೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಟ್ಯಾಬಿನ ಮುಖವನ್ನು ಒಳಗೆ ಮಾಡಿ, ಸೆರಗು ಮುಚ್ಚಿ, ಎದೆಗೆ ಅವುಚಿಕೊಂಡು ಕೂತಿದ್ದರು.

ಮಾರನೆಯ ವಾರ ಅವರು ರಾಜೀನಾಮೆ ಬರೆದು ಮೇಡಂ ಟೇಬಲ್ ಮೇಲೆ ಇಟ್ಟರು. ಮುತ್ತು ಪೋಣಿಸಿದಂಥ ಅಕ್ಷರ. ಅಲ್ಲೇ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ನಾನು ಅರ್ಧಕ್ಕೇ ಪೆನ್ನು ನಿಲ್ಲಿಸಿದೆ. ನಾನು ಸಂಚಾಲಕನಾಗಿ ಮಾಡಿದ ಮೊದಲ ಸಾಧನೆ, ಶಾಲೆಯ ಅತ್ಯುತ್ತಮ ಶಿಕ್ಷಕಿಯನ್ನು ಮನೆಗೆ ಕಳಿಸಿದ್ದು! ಮೇಡಂ ಕಾಗದವನ್ನು ಪೂರ್ತಿ ಓದಿ, ಸಮಾಧಾನದಿಂದ ಹೇಳಿದರು: "ಈಗ ಕಾಗದ ನಡಿಯಲ್ಲ ಮಿಸ್. ರಾಜೀನಾಮೆನೂ ಆನ್‌ಲೈನೇ. ಸ್ಟಾಫ್ ಪೋರ್ಟಲ್‌ನಲ್ಲಿ ಫಾರಂ ಇದೆ, ನೀವೇ ತುಂಬಬೇಕು. ಗೊತ್ತಾಗ್ದಿದ್ರೆ ರಂಗಸ್ವಾಮಿ ಸಾರ್ ಇದ್ದಾರಲ್ಲ."

ನಾಗರತ್ನ ಮಿಸ್ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಕಂಪ್ಯೂಟರ್ ಬೇಡವೆಂದು ಓಡಿಹೋಗುವವರಿಗೆ ಬಾಗಿಲಲ್ಲೂ ಕಂಪ್ಯೂಟರೇ ಕಾವಲು.

ಮಧ್ಯಾಹ್ನ ಡಬ್ಬಿ ಮುಗಿಸಿ ನಮ್ಮ ಪಾಠ ಶುರುವಾಯಿತು. "ಬೇಗ ಬೇಗ ತೋರಿಸ್ಬಿಡಿ ಸಾರ್, ನನ್ನದೊಂದು ಮುಗಿದ್ರೆ ನಿಮ್ಗೂ ಆರಾಮು" ಎಂದರು. ಬೇಗ ಎನ್ನುವುದು ನನ್ನ ಬಳಿ ಇಲ್ಲದ ಸಾಮಾನು. ಅವರ ಹೆಸರು ತುಂಬುವುದಕ್ಕೇ ಬಹಳ ಹೊತ್ತಾಯಿತು. ಆಮೇಲೆ ಕೆಲಸಕ್ಕೆ ಸೇರಿದ ದಿನಾಂಕ. ಒತ್ತಿದರೆ ಈ ತಿಂಗಳ ಕ್ಯಾಲೆಂಡರ್ ಬಂತು. ಪಕ್ಕದ ಬಾಣ ಒತ್ತಿದರೆ ಹಿಂದಿನ ತಿಂಗಳು. ಮಿಸ್ ಸೇರಿ ಮೂವತ್ತು ವರ್ಷದ ಮೇಲಾಗಿತ್ತು. ಇಬ್ಬರೂ ಸರದಿಯ ಮೇಲೆ ಬಾಣ ಒತ್ತುತ್ತಾ ಹಿಂದಕ್ಕೆ ನಡೆದೆವು. ನಡುನಡುವೆ ಮಿಸ್, "ನಿಲ್ಸಿ ನಿಲ್ಸಿ, ಈ ವರ್ಷ ಅಲ್ವಾ ನಾವು ಮಕ್ಕಳನ್ನ ಬೇಲೂರಿಗೆ ಕರ್ಕೊಂಡ್ ಹೋಗಿ ಬಸ್ಸು ಕೆಟ್ಟು ನಿಂತಿದ್ದು? ನೀವಿನ್ನೂ ಬಂದಿರ್ಲಿಲ್ಲ ಬಿಡಿ" ಎನ್ನುತ್ತಿದ್ದರು. ಹೀಗೆ ಕಷ್ಟಪಟ್ಟು ಅವರು ಸೇರಿದ ತಿಂಗಳಿಗೆ ತಲುಪಿ ಇನ್ನೇನು ದಿನ ಒತ್ತಬೇಕು, ಪರದೆ ಬೆಳ್ಳಗಾಯಿತು. ತಡವಾಯಿತು, ಮತ್ತೆ ಲಾಗಿನ್ ಆಗಿ ಎಂದು ಬಂತು. ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರು ಪಾಪ ಪೋರ್ಟಲ್ ನೋಡಿರಲಿಲ್ಲ. ಈ ಸ್ಲೇಟು ನಿಜವಾಗಿಯೂ ಓಡಿಹೋಗುತ್ತದೆ.

ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಬಸವರಾಜ್ ಇಣುಕಿ, "ಏನ್ರಿ ಮಿಸ್, ನಿಮ್ ರಾಜೀನಾಮಿ ಮುಗಿಯೂದ್ರಾಗ ನಿವೃತ್ತಿನ ಆಗ್ತದಲ್ರೀ" ಎಂದರು. ಮಿಸ್‌ಗೆ ರೋಷ ಬಂತು. "ಸಾರ್, ಇದು ಸ್ಪೀಡಿನ ಪ್ರಶ್ನೆ. ಪ್ರಾಕ್ಟೀಸ್ ಮಾಡ್ಬೇಕು. ಲೆಕ್ಕ ಬಿಡಿಸೋಕೆ ನಾನು ಮಕ್ಕಳಿಗೆ ಅದನ್ನೇ ಹೇಳೋದು" ಎಂದರು. ಏನನ್ನು ಟೈಪ್ ಮಾಡಿ ಅಭ್ಯಾಸ ಮಾಡುವುದು? ಕೈಗೆ ಸಿಕ್ಕಿದ್ದು ಏಳನೇ ತರಗತಿಯ ಕಿರುಪರೀಕ್ಷೆ ಅಂಕಗಳು. ಅದನ್ನು ತುಂಬಿದೆವು. ಅದು ಮುಗಿಯಿತು, ಎಂಟನೆಯದು ತುಂಬಿದೆವು. ಹಾಜರಿಗೆ ಮಿಸ್ ತಾವೇ ಉಪಾಯ ಹುಡುಕಿದರು. ಎಂದಿನ ಹಾಗೆ ಹೆಸರು ಕೂಗುವುದು, ಬಾರದವರನ್ನು ಮಾತ್ರ ಟ್ಯಾಬಿನಲ್ಲಿ ಒತ್ತುವುದು. "ಕೂಗ್ದೇ ಇರೋಕಾಗಲ್ಲ ಸಾರ್. 'ಎಸ್ ಮಿಸ್' ಅನ್ನೋ ದನಿಯಲ್ಲೇ ಯಾರು ತಿಂಡಿ ತಿಂದಿಲ್ಲ ಅಂತ ನಂಗೆ ಗೊತ್ತಾಗುತ್ತೆ." ನಾನು ಸಂಚಾಲಕನ ಗತ್ತಿನಿಂದ ಅದನ್ನು ಯೋಜನೆಯ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಸ್ತಕದಲ್ಲಿ ಅದೊಂದೇ ಕೆಲಸಕ್ಕೆ ಬರುವ ಸಾಲು.

ಒಂದು ದಿನ ಮಿಸ್ ಕ್ಯಾಲೆಂಡರಿನ ಮೇಲೆ ಏನೋ ಒತ್ತಿ, "ಅಯ್ಯೋ ರಾಮ, ಇಲ್ಲಿ ವರ್ಷಾನೇ ಬರೆದ್ರೆ ಸಾಕಂತೆ ಸಾರ್! ಮೂವತ್ತು ವರ್ಷ ಬಾಣ ಒತ್ತಿಸಿದ್ರಲ್ಲ ನನ್ನ ಕೈಲಿ" ಎಂದು ನಕ್ಕರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಿಸ್ ಬಿಟ್ಟುಹೋಗುವ ದಾರಿ ಹತ್ತಿರವಾಗಿಬಿಟ್ಟಿತ್ತು. ಇನ್ನುಳಿದದ್ದು ಒಂದೇ ಅಂಕಣ, 'ಕಾರಣ'. ಅದರ ಕೆಳಗೆ ಹಸಿರು ಬಣ್ಣದ ಸಬ್ಮಿಟ್ ಗುಂಡಿ.

ಕಾರಣಕ್ಕೆ ಮಿಸ್ ಮೊದಲು 'ಮಂಡಿ ನೋವು' ಎಂದು ಹಾಕಿದರು. ಹಾಕಿದವರು ಒರೆಸಿದರು. ದಿನಾ ಮೂರು ಮಹಡಿ ಹತ್ತುವವರಿಗೆ ಎಂಥ ಮಂಡಿ ನೋವು? ಆಮೇಲೆ 'ಮನೆಯ ಜವಾಬ್ದಾರಿ'. ಅದನ್ನೂ ಒರೆಸಿದರು. "ಲೆಕ್ಕದ ಮಿಸ್ ಸುಳ್ಳು ಬರೀಬಾರ್ದು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಕನ್ನಡಕ ಏರಿಸಿ, ಬಡಬಡ ಒಂದು ವಾಕ್ಯ ಹೊಡೆದರು. ಹೌದು, ಹೊಡೆದರು, ನಾಲ್ಕು ಬೆರಳಲ್ಲಿ. ನಾನು ಬಗ್ಗಿ ಓದಿದೆ. 'ನನಗೆ ಕಂಪ್ಯೂಟರ್ ಬಳಸಲು ಬರುವುದಿಲ್ಲ.'

ಗೋಡೆಯ ಮೇಲಿನ ಫ್ಯಾನು ಟಕಟಕ ಎನ್ನುತ್ತಿತ್ತು. ಮಿಸ್ ಆ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು, ತಪ್ಪು ಉತ್ತರ ಬರೆದ ಮಗುವಿನ ನೋಟ್‌ಬುಕ್ ನೋಡುವ ಹಾಗೆ.

"ಸಾರ್, ಇದನ್ನ ಯಾರ್ ಟೈಪ್ ಮಾಡಿದ್ದು?"

"ನೀವೇ ಮಿಸ್."

"ಮತ್ತೆ ಇದು ಹೇಗೆ ನಿಜ ಆಗುತ್ತೆ?"

"ಆಗಲ್ಲ ಮಿಸ್."

ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅದು ನಗುವಿನ ನೀರೋ ಬೇರೆಯದೋ ನಾನು ಕೇಳಲಿಲ್ಲ. ಒಂದೊಂದೇ ಅಕ್ಷರ ಅಳಿಸಿದರು, ಆಮೇಲೆ ಪುಟವನ್ನೇ ಮುಚ್ಚಿದರು. ಬೆಲ್ ಹೊಡೆಯಿತು. "ಎಂಟನೇ ಕ್ಲಾಸಿಗೆ ಇವತ್ತು ವೃತ್ತ ಇದೆ, ಬೋರ್ಡ್ ಮೇಲೆ ಚೆನ್ನಾಗ್ ಬರುತ್ತೆ ಅಂತಾರಲ್ಲ, ನೋಡೇಬಿಡೋಣ" ಎಂದು ಎದ್ದು ಹೊರಟರು. ಟ್ಯಾಬು ಅವರ ಕೈಯಲ್ಲಿ ಮುಖ ಹೊರಗೆ ಮಾಡಿ ತೂಗಾಡುತ್ತಿತ್ತು. ನಾನು ಅಲ್ಲೇ ಕೂತು ಒಂದು ಲೋಟ ನೀರು ಕುಡಿದೆ.

ಮಿಸ್ಸೇ ಕಲಿತ ಮೇಲೆ, ಅವತ್ತು ಸುಮ್ಮನೆ ತಲೆಯಾಡಿಸಿದ್ದ ಉಳಿದವರೂ ಒಬ್ಬೊಬ್ಬರಾಗಿ ಡಬ್ಬಿ ಮುಗಿಸಿ ನನ್ನ ಪಕ್ಕ ಬಂದು ಕೂತರು. ಮೊನ್ನೆ ಆಡಳಿತ ಮಂಡಳಿಯವರಿಂದ ಒಂದು ನಮೂನೆ ಬಂತು. ನಮ್ಮ ಶಾಲೆಯಲ್ಲಿ ಎಲ್ಲ ಶಿಕ್ಷಕರೂ ತಾವೇ ಅಂಕ ತುಂಬುತ್ತಾರಂತೆ. ಇದನ್ನು ಯಾವ ಕಾರ್ಯತಂತ್ರದಿಂದ ಸಾಧಿಸಿದಿರಿ, ಬೇರೆ ಶಾಲೆಗಳಿಗೆ ಅನುಕೂಲವಾಗುವಂತೆ ಒಂದು ಪುಟ ಬರೆಯಿರಿ ಎಂದು. ನಾನು ಅದನ್ನು ಹಿಡಿದುಕೊಂಡು ಮೇಡಂ ಹತ್ತಿರ ಹೋಗಿ ಪ್ರಾಮಾಣಿಕವಾಗಿ ಒಪ್ಪಿಕೊಂಡೆ. "ಮೇಡಂ, ನಂದೇನೂ ತಂತ್ರ ಇರ್ಲಿಲ್ಲ. ರಾಜೀನಾಮೆ ಆನ್‌ಲೈನ್ ಅಂತ ರೂಲ್ ಇದ್ದಿದ್ದು ನಮ್ಮ ಪುಣ್ಯ."

ಮೇಡಂ ಡ್ರಾಯರ್ ಎಳೆದರು. ಒಳಗೆ ನಾಗರತ್ನ ಮಿಸ್ಸಿನ ಮುತ್ತಿನಂಥ ಅಕ್ಷರದ ಕಾಗದ ಹಾಗೇ ಇತ್ತು. "ಯಾವ ರೂಲ್ ಸಾರ್? ಕಾಗದ ಇವತ್ತಿಗೂ ನಡಿಯುತ್ತೆ."

ಈ ಸಲ ನನ್ನ ಬಾಯಿ ಖಾಲಿ ಇತ್ತು. "ಆದ್ರೂ ಮೇಡಂ, ಕಂಪ್ಯೂಟರ್ ಬರೋರು ಅಷ್ಟೊಂದು ಜನ ಇದ್ರು. ಬಸವರಾಜ್ ಇದ್ರು. ನನ್ನನ್ನೇ ಯಾಕೆ ಮಾಡಿದ್ರಿ?" ಎಂದೆ.

"ನಿಧಾನಕ್ಕೆ ಕಲಿಯೋರ ಜೊತೆ ಕೂರೋಕೆ ಒಬ್ರು ಬೇಕಿತ್ತು ಸಾರ್. ಮಿಸ್ ವಿಷಯ ಅಂತೂ ಬಿಡಿ, ಬಸವರಾಜ್ ಆಗಿದ್ರೆ ಅವತ್ತೇ ಮಧ್ಯಾಹ್ನ ಸಬ್ಮಿಟ್ ಆಗೋಗಿರೋದು."

ಹತ್ತನೇ ವಯಸ್ಸಿನಿಂದ ಇಲ್ಲಿಯವರೆಗೆ ನಾನು ಬಚ್ಚಿಟ್ಟುಕೊಂಡು ಬಂದದ್ದನ್ನೇ ಒಬ್ಬರು ಅರ್ಹತೆಯೆಂದು ಲೆಕ್ಕ ಹಿಡಿದಿದ್ದರು. ಸಂಜೆ ತಲಘಟ್ಟಪುರದ ಮನೆಗೆ ಬಂದು ಕಾಫಿ ಕುಡಿದು, ಮೇಡಂಗೂ ಮಿಸ್ಸಿಗೂ ಎಲ್ಲರಿಗೂ ಸೇರಿಸಿ ಎರಡು ಸಾಲು ಕೃತಜ್ಞತೆ ಬರೆಯೋಣವೆಂದು ವಾಟ್ಸಾಪ್ ಗುಂಪು ತೆರೆದೆ. ತೋರುಬೆರಳು ಅಕ್ಷರ ಹುಡುಕಲು ಹೊರಟಿತು. ಮೊದಲ ಪದ ಇನ್ನೂ ಮುಗಿದಿರಲಿಲ್ಲ, ನಾಗರತ್ನ ಮಿಸ್ ಸಂದೇಶ ಬಂದು ಬಿತ್ತು:

"ಸಾರ್, ನೀವು ಟೈಪ್ ಮಾಡ್ತಿರೋದು ಕಾಣ್ತಿದೆ. ನಾನು ಚಪಾತಿ ಲಟ್ಟಿಸಿ, ಬೇಯಿಸಿ, ಊಟ ಮುಗ್ಸಿ ಬರ್ತೀನಿ. ಅವಸರ ಏನಿಲ್ಲ."