ಸ್ವೀಡನ್ನಿನ ಸೊಸೆಗೆ ನಮ್ಮನೆಯ ಮಡಿಲಕ್ಕಿ

ಸಣ್ಣಪುಟ್ಟದ್ದಕ್ಕೆಲ್ಲ ಶಿವನನ್ನು ನೆನೆಯುವುದು ನನ್ನ ಅಭ್ಯಾಸ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿತ್ತಾ, ಶಿವನ ದಯೆ. ಮೊಸರು ಹುಳಿಯಾಗಲಿಲ್ಲವಾ, ಅದೂ ಅವನದೇ. ಆದರೆ ನಮ್ಮತ್ತೆಯ ಕಿವಿ ಮಂದವಾದದ್ದನ್ನು ದಯೆ ಅನ್ನಬೇಕೋ ಬೇಡವೋ ಬಹಳ ದಿನ ತಿಳಿಯಲಿಲ್ಲ. ಅನುಕೂಲವೂ ಇತ್ತೆನ್ನಿ. ಒಲೆ ಮುಂದೆ ನಿಂತು ನಾನು ಗೊಣಗಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ.

ತೊಂದರೆಯಾದದ್ದು ಟೀವಿಯಿಂದ. ಅತ್ತೆಗೆ ಕೇಳಿಸುವಷ್ಟು ಸೌಂಡು ಇಟ್ಟರೆ ಧಾರಾವಾಹಿಯಲ್ಲಿ ಏನಾಯಿತೆಂದು ಎದುರುಮನೆಯವರೇ ನಮಗೆ ಹೇಳುತ್ತಿದ್ದರು. ಕಡಿಮೆ ಮಾಡಿದರೆ, ಎಲ್ಲರೂ ಸೇರಿ ತಮ್ಮ ವಿಷಯವೇ ಪಿಸುಗುಡುತ್ತಿದ್ದೀರಿ ಎಂದು ಅತ್ತೆ ಎದ್ದು ಹೋಗುತ್ತಿದ್ದರು. ಬರಬರುತ್ತಾ ಟೀವಿಯಿದ್ದ ಹಾಲಿಗೆ ಬರುವುದನ್ನೇ ಬಿಟ್ಟರು. ಊಟದ ತಟ್ಟೆಯೂ ಕೋಣೆಗೇ ಹೋಗತೊಡಗಿತು. ಅರಸೀಕೆರೆ ಸ್ಟೇಷನ್ನಿನ ರೈಲು ಕೂಗಿದ ಹಾಗೆ ನಾವು ಕೂಗಿ ಕೂಗಿ ಕರೆದಷ್ಟೂ ಅವರ ಮುಖ ಇನ್ನಷ್ಟು ಗೋಡೆಯ ಕಡೆಗೆ ತಿರುಗುತ್ತಿತ್ತು. ಹೇಗಾದರೂ ಮಾಡಿ ಇವರನ್ನು ನಮ್ಮ ನಡುವೆ ತಂದು ಕೂರಿಸಪ್ಪಾ ಎಂದು ದೀಪ ಹಚ್ಚುವಾಗ ದಿನಾ ಬೇಡಿಕೊಳ್ಳುತ್ತಿದ್ದೆ. ಅದಕ್ಕಾಗಿ ಶಿವ ಸ್ವೀಡನ್ನಿನಿಂದ ಜನ ಕಳಿಸುತ್ತಾನೆಂದು ಯಾರಿಗೆ ಗೊತ್ತಿತ್ತು?

ಹಾಸನದಲ್ಲಿ ಓದುವ ಮಗಳು ಸಿಂಧು ಶನಿವಾರ ಬಂದವಳೇ ಟೀವಿಗೆ ಫೋನು ಜೋಡಿಸಿ ಒಂದು ಕಪ್ಪು ಬಿಳುಪು ಸಿನಿಮಾ ಹಾಕಿದಳು. ಸೌಂಡೇ ಇಲ್ಲ. ನಾನು ರಿಮೋಟು ಒತ್ತಿ ಒತ್ತಿ ಸಾಕಾಗಿ, ಟೀವಿ ಕೆಟ್ಟಿದೆ ಬಾರಪ್ಪಾ ಎಂದು ಕೇಬಲಿನವನಿಗೆ ಫೋನನ್ನೂ ಮಾಡಿಬಿಟ್ಟೆ. ಸಿಂಧು ತಲೆ ಚಚ್ಚಿಕೊಂಡಳು. ಅದು ನೂರು ವರ್ಷದ ಹಿಂದಿನ ಮೂಕಿ ಚಿತ್ರವಂತೆ. ಸ್ವೀಡನ್ನಿನವರು ತಮ್ಮ ದೊಡ್ಡ ದೊಡ್ಡ ಕಾದಂಬರಿಗಳನ್ನೇ ಹೀಗೆ ಮಾತಿಲ್ಲದೆ ತೆಗೆದಿದ್ದಾರಂತೆ. ಅದರ ಮೇಲೆ ಇವಳು ಕಾಲೇಜಿಗೆ ಬರೆದುಕೊಡಬೇಕಂತೆ.

ಮಾತಿಲ್ಲದ ಕಾದಂಬರಿ ಎಂಥದಪ್ಪಾ ಎಂದುಕೊಂಡು ಅವರೆಕಾಯಿ ಸುಲಿಯುತ್ತಾ ಕೂತವಳು ಸುಲಿಯುವುದನ್ನೇ ಮರೆತೆ. ಕಣ್ಣು ಹಾಯುವವರೆಗೂ ಹಿಮ, ಅದರ ನಡುವೆ ಇರುವೆಯಷ್ಟು ಒಬ್ಬ ಮನುಷ್ಯ. ಆಮೇಲೆ ಟೀವಿ ತುಂಬ ಒಂದೇ ಒಂದು ಮುಖ. ದೀಪದ ಎದುರು ಕೂತ ಒಬ್ಬ ಹೆಣ್ಣುಮಗಳು ಬರೀ ರೆಪ್ಪೆ ಎತ್ತಿದಳು, ನಾನು ಕೂತಲ್ಲೇ ಟೀವಿಯ ಹತ್ತಿರ ಸರಿದೆ. ಅವಳು ಮಣ್ಣಾಗಿ ಎಷ್ಟು ಕಾಲವಾಯಿತೋ, ಕಣ್ಣೀರು ಇನ್ನೂ ಆರಿರಲಿಲ್ಲ. ಪೂಜೆಗೆ ಕೂತಾಗಲೂ ನನ್ನ ಮನಸ್ಸು ಅಷ್ಟು ನಿಂತದ್ದಿಲ್ಲ, ಶಿವ ಕ್ಷಮಿಸಬೇಕು.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಮೆಲ್ಲಗೆ ಬಂದು ನನ್ನ ಪಕ್ಕದಲ್ಲೇ ಕೂತರು.

"ಇವ್ರು ಯಾರೂ ಕೂಗಲ್ಲ ಕಣವ್ವ" ಎಂದರು.

ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಸಿಂಧು ಅವರ ಕಿವಿಯಲ್ಲಿ ಕೂಗಿ ವಿವರಿಸಹೋದಳು. ಹಳೇಬೀಡಿನ ಹತ್ತಿರದ ಮಾದಿಹಳ್ಳಿಯಲ್ಲಿ ಹುಟ್ಟಿದ ಅತ್ತೆ ಕೈಯಾಡಿಸಿ, "ಸುಮ್ಕಿರು ಮಗಾ. ಹಳೇಬೀಡಿನ ಗೋಡೆ ಮ್ಯಾಲೆ ರಾಮಾಯಣ ಐತಲ್ಲ, ಆ ಕಲ್ಲೇನು ಮಾತಾಡ್ತದಾ? ನಾನು ಕತೆ ಕಲ್ತಿದ್ದೇ ಅಲ್ಲಿ" ಎಂದರು.

ಅಷ್ಟರಲ್ಲಿ ಸಿನಿಮಾದ ಅತ್ತೆ ತನ್ನ ಸೊಸೆಯನ್ನು ಬೈದು, ಮುಸ್ಸಂಜೆಯಲ್ಲಿ ಹಿಮಕ್ಕೆ ದೂಡಿದಳು. ನಮ್ಮತ್ತೆ ಸರಕ್ಕನೆ ಎದ್ದು, ಅದನ್ನು ನಿಲ್ಲಿಸು ಎಂದು ಸಿಂಧುವಿಗೆ ಸನ್ನೆ ಮಾಡಿದರು. ಸಿಂಧು ಫೋನು ಒತ್ತಿದಳು, ಸಿನಿಮಾದ ಸೊಸೆ ಹೊಸಿಲಾಚೆ ಒಂದು ಕಾಲಿಟ್ಟು ಹಾಗೇ ನಿಂತಳು. ಅತ್ತೆ ಒಳಗಿನಿಂದ ತಟ್ಟೆಯಲ್ಲಿ ಅಕ್ಕಿ, ಜುಟ್ಟಿನ ತೆಂಗಿನಕಾಯಿ, ನಾನು ಗೌರಿಹಬ್ಬಕ್ಕೆಂದು ಎತ್ತಿಟ್ಟಿದ್ದ ರವಿಕೆ ಕಣ ತಂದು ಟೀವಿಯ ಮುಂದಿಟ್ಟರು. ಗಾಜಿನ ಮೇಲೆ, ಸರಿಯಾಗಿ ಅವಳ ಹಣೆಗೇ, ಕುಂಕುಮ ಹಚ್ಚಿದರು.

"ತೌರಿನೋರು ಯಾರೂ ಇಲ್ಲ ಅನ್ಸುತ್ತೆ ಪಾಪ. ಈಗ ಅವ್ಳು ಹೋಗ್ಲಿ, ಸಿನಿಮಾ ಬಿಡು ಮಗಾ."

ನಮಗೆ ನಗು ಬರಲಿಲ್ಲ. ಸಿಂಧು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಕೇಬಲಿನವನು ಬಂದ. ಟೀವಿಯ ಕುಂಕುಮ, ತೆಂಗಿನಕಾಯಿ ನೋಡಿ, "ಅಮ್ಮಾ, ಪೂಜೆ ಮಾಡಿದ್ರೆ ಸೌಂಡು ಬರಲ್ಲ ಕಣಮ್ಮಾ" ಎಂದ. ಎಂದವನು ತಾನೂ ಬಾಗಿಲಲ್ಲೇ ನಿಂತು ಕೊನೆಯವರೆಗೂ ನೋಡಿದ.

ಆ ಸಂಜೆ ಅತ್ತೆ ಹಾಲಿನಲ್ಲಿ, ನಮ್ಮ ಜೊತೆ ಊಟಕ್ಕೆ ಕೂತರು. ನಾನು ಕೂಗದೆ, ಬರೀ ತುಟಿಯಾಡಿಸಿ ಇನ್ನೊಂದು ಮುದ್ದೆ ಹಾಕಲೇ ಎಂದು ಕೇಳಿದೆ. ಅವರು ಸಲೀಸಾಗಿ ಅರ್ಧ ಸಾಕೆಂದರು. ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತಿರುವಾಗ ಮುದ್ದೆ ಮುರಿಯುತ್ತಾ ನಿಧಾನವಾಗಿ ಹೇಳಿದರು:

"ಆ ಅತ್ತೆ ಬೈದಿದ್ದೆಲ್ಲ ತುಟಿ ನೋಡೇ ತಿಳೀತು. ನೀನು ಒಲೆ ಮುಂದೆ ಅಂದ್ಕೊಳ್ಳೋದೂ ಹಂಗೇ ತಿಳೀತದೆ ಕಣವ್ವ. ತುಂಬಾ ದಿನದಿಂದ."

ಈಗ ಅತ್ತೆ ದಿನವೂ ಹಾಲಿನಲ್ಲೇ ಕೂರುತ್ತಾರೆ. ಅಲ್ಲಿಂದ ಅಡುಗೆಮನೆ ಚೆನ್ನಾಗಿ ಕಾಣುತ್ತದೆ. ಗೊಣಗುವುದಿದ್ದರೆ ನಾನು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತೇನೆ. ಗೋಡೆಯಾದರೂ ಇದೆಯಲ್ಲ, ಶಿವನ ದಯೆ.